ಎರಡನೆಯ ಪರದೆಗೆ ಸರಿಸಿದ ಚೌಕ

ನೂಲಹುಣ್ಣಿಮೆ ಕಳೆದು ದೋಣಿಗಳು ಕಡಲಿಗಿಳಿದ ಮೇಲೆ ನಮ್ಮ ಕಡೆಯ ಜನರ ಮೈ ತುಂಬಿಕೊಳ್ಳುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಗಂಜಿ, ಒಣಮೀನು, ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿ. ಆಮೇಲೆ ಒಮ್ಮೆಲೇ ತಾಜಾ ಬಂಗಡೆ, ತಾರಲೆ ಮೀನು. ತಿಂಗಳೊಪ್ಪತ್ತಿನಲ್ಲಿ ಎರಡು ಕಿಲೊ ಏರಿದರೆ ಯಾರೂ ಅಚ್ಚರಿಪಡುವುದಿಲ್ಲ. ಕಾರವಾರದ ಕೋಡಿಬಾಗದ ಮೀನುಗಾರರ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಗೊತ್ತಿದ್ದೂ ನಾನೊಂದು ತಪ್ಪು ಮಾಡಿದೆ. ಅದಕ್ಕಿಂತ ದೊಡ್ಡದೆಂದರೆ, ಆ ತಪ್ಪನ್ನು ಒಬ್ಬ ನರ್ಸಿನ ತಲೆಗೆ ಕಟ್ಟಿ ಹನ್ನೊಂದು ವರ್ಷ ಸುಮ್ಮನೆ ಕುಳಿತೆ.

ಕುಳಿತೆ ಎಂದದ್ದು ಮಾತಿಗೆ. ಕೂರಲು ನನ್ನಿಂದ ಆಗುವುದೇ ಇಲ್ಲ. ನನಗೀಗ ಎಪ್ಪತ್ತೆರಡು. ಬೆಳಿಗ್ಗೆ ಚಹಾ ಲೋಟ ಹಿಡಿದು ಜಗಲಿಗೆ ಬರುತ್ತೇನೆ, ಅರ್ಧ ಕುಡಿಯುವುದರೊಳಗೆ ನದಿಯ ದಂಡೆಗೆ ಹೋಗಿರುತ್ತೇನೆ. ಅಲ್ಲಿಂದ ಸೇತುವೆ ದಾಟಿ ಚಿತ್ತಾಕುಲದ ತನಕ ನಡೆದು, ಯಾಕೆ ಬಂದೆನೆಂದು ತಿಳಿಯದೆ ತಿರುಗಿ ಬರುತ್ತೇನೆ. "ನಿಮ್ಮ ಕಾಲಿಗೆ ಯಾರಾದ್ರೂ ಮೋಟರ್ ಕಟ್ಟಿದ್ರಾ?" ಎಂದು ಹೆಂಡತಿ ಕೇಳುತ್ತಾಳೆ. "ಲೋಟನಾದ್ರೂ ಇಟ್ಟು ಹೋಗಿ. ಈ ವರ್ಷ ಇದು ಮೂರನೇದು, ದಂಡೆ ಮೇಲೆ ಬಿಟ್ಟು ಬರುದು." ಅವಳಿಗೆ ಎಲ್ಲ ಗೊತ್ತಿಲ್ಲ. ಇದನ್ನು ಬರೆದು ಮುಗಿಸಿದ ಮೇಲೆ ಮೊದಲು ಓದಬೇಕಾದವಳು ಅವಳು.

ನಾನು ಓದಿದ್ದು ಹತ್ತನೆಯ ತರಗತಿ. ಅಷ್ಟಕ್ಕೆ ನಿಲ್ಲಿಸಿ ಬಣ್ಣದ ಡಬ್ಬಿ ಹಿಡಿದೆ. ಅಂಗಡಿಗಳಿಗೆ ಬೋರ್ಡು, ಲಾರಿಗಳ ಹಿಂದೆ ನವಿಲು, ದೋಣಿಗಳ ಮೂತಿಗೆ ಹೆಸರು. ಕೈ ಚೆನ್ನಾಗಿತ್ತು. ಒಂದು ದಿನ ಹತ್ತಿರದ ರಸಾಯನ ಕಾರ್ಖಾನೆಯವರು ಕರೆದರು. ಅವರ ಕಂಟ್ರೋಲ್ ರೂಮಿನಲ್ಲಿ ಗೋಡೆಯಗಲದ ತಗಡಿನ ಮೇಲೆ ಇಡೀ ಕಾರ್ಖಾನೆಯ ನಕ್ಷೆ ಬರೆಯಬೇಕಿತ್ತು: ಟ್ಯಾಂಕು, ಪೈಪು, ಪಂಪು, ವಾಲ್ವು. ಎಲ್ಲಿ ಏನು ನಡೆದಿದೆ ಎಂದು ತೋರಿಸುವ ಸಣ್ಣ ದೀಪಗಳಿಗೆ ತೂತು ಬಿಡಬೇಕು. ಹದಿನೈದು ದಿನದ ಕೆಲಸವೆಂದು ಹೋದವನು ಅಲ್ಲೇ ವರ್ಷಗಟ್ಟಲೆ ಉಳಿದೆ. ಪೈಪು ಬದಲಾದಂತೆ ನಕ್ಷೆಯೂ ಬದಲಾಗಬೇಕಲ್ಲ.

ಆ ಕೋಣೆಯಲ್ಲಿ ಒಬ್ಬ ಹಿರಿಯ ಆಪರೇಟರ್ ಇದ್ದರು. ರಿಪೇರಿಗೆ ತೆಗೆದ ವಾಲ್ವಿನ ಸ್ವಿಚ್ಚನ್ನು ಯಾರೂ ಒತ್ತದಿರಲೆಂದು ಅವರು ಅದಕ್ಕೆ ಒಂದು ಕೆಂಪು ಚಿಂದಿ ಕಟ್ಟುತ್ತಿದ್ದರು. ಎಂಜಿನಿಯರುಗಳಿಗೆ ಅದು ಕಣ್ಣಿಗೆ ಕಸ. "ಸಾಹೇಬ್ರು ಬಂದಾಗ ತೆಗಿ" ಎನ್ನುತ್ತಿದ್ದರು. ಆಪರೇಟರ್ ತೆಗೆಯುತ್ತಿದ್ದರು, ಸಾಹೇಬರು ಹೋದೊಡನೆ ಮತ್ತೆ ಕಟ್ಟುತ್ತಿದ್ದರು. ನನಗೆ ಹೇಳಿದರು: "ತಮಾ, ದೀಪ ಸುಳ್ಳು ಹೇಳ್ತದೆ. ಈ ಚಿಂದಿ ನಾನೇ ಕಟ್ಟಿದ್ದು, ಇದು ಸುಳ್ಳು ಹೇಳೂದಿಲ್ಲ."

ಮುಂದೆ ಗೋಡೆಯ ತಗಡು ಹೋಗಿ ಕಂಪ್ಯೂಟರ್ ಬಂತು. ಅದನ್ನು ಕೂರಿಸಲು ಬಂದ ಸಣ್ಣ ಕಂಪನಿಯ ಮಾಲೀಕರಿಗೆ ಪ್ರೋಗ್ರಾಂ ಬರೆಯಲು ಬರುತ್ತಿತ್ತು, ಆದರೆ ಪರದೆಯ ಮೇಲೆ ಏನು ಎಲ್ಲಿರಬೇಕೆಂದು ತಿಳಿಯುತ್ತಿರಲಿಲ್ಲ. "ತಗಡಿನ ಮೇಲೆ ಬರೆದದ್ದನ್ನೇ ಕಾಗದದ ಮೇಲೆ ಬರೆದುಕೊಡಿ" ಎಂದರು. ಬರೆದುಕೊಟ್ಟೆ. ಜೊತೆಗೆ ಪ್ರತಿ ವಾಲ್ವಿನ ಪಕ್ಕ ಒಂದು ಕೆಂಪು ಗುರುತು ಇಟ್ಟೆ. ಆಪರೇಟರ್ ಕೈಯಾರೆ ಹಾಕಬೇಕು, ಕೈಯಾರೆ ತೆಗೆಯಬೇಕು. ಬೇರೆ ಯಾರೂ ಅದನ್ನು ಅಳಿಸುವಂತಿಲ್ಲ. ಹಿರಿಯ ಆಪರೇಟರ್ ಆ ಗುರುತನ್ನು ತಾವೇ ಒಮ್ಮೆ ಹಾಕಿ, ತೆಗೆದು ನೋಡಿದರು. ಆಮೇಲೆ ನನ್ನ ಬೆನ್ನಿಗೆ ಒಂದು ಗುದ್ದಿದರು. ಬದುಕಿನಲ್ಲಿ ನನಗೆ ಸಿಕ್ಕ ದೊಡ್ಡ ಬಹುಮಾನ ಅದೇ.

ಕಂಪನಿ ನನ್ನನ್ನು ಸೇರಿಸಿಕೊಂಡಿತು. ಮುಂದಿನ ಇಪ್ಪತ್ತು ಇಪ್ಪತ್ತೈದು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಬಲ್ಲವರ ಪಕ್ಕ ಸ್ಟೂಲು ಹಾಕಿ ಕೂತು ಅವರ ಕೈ ನೋಡುವುದು. ಸಿಮೆಂಟಿನ ಗೂಡು ನಡೆಸುವವರು, ಬಂದರಿನ ಕ್ರೇನಿನವರು, ರಕ್ತ ಪರೀಕ್ಷೆ ಮಾಡುವವರು, ಎಕ್ಸ್‌ರೇ ತೆಗೆಯುವವರು. ಹೇಗೆ ಕೆಲಸ ಮಾಡುತ್ತೀರಿ ಎಂದು ಕೇಳಿದರೆ ಅವರು ಪುಸ್ತಕದಲ್ಲಿರುವುದನ್ನು ಹೇಳುತ್ತಾರೆ. ಮಾಡುವಾಗ ಬೇರೆಯೇ ಮಾಡುತ್ತಾರೆ. ನಾನು ಬರೆದುಕೊಳ್ಳುತ್ತಿದ್ದುದು ಆ ಬೇರೆಯದನ್ನು. ನೂರು ಹಾಳೆಯ ನೋಟುಬುಕ್ಕು, ಎಡಪುಟದಲ್ಲಿ ಕೈ ಏನು ಮಾಡಿತು, ಬಲಪುಟದಲ್ಲಿ ಬಾಯಿ ಏನು ಹೇಳಿತು. ಹಾಗೆ ನೋಡಿ ಬಂದು ಪರದೆ ಬರೆಯುತ್ತಿದ್ದೆ.

ಹಿಂದೆ ಇದಕ್ಕೆ ಹೆಸರಿರಲಿಲ್ಲ. ಬಹಳ ತಡವಾಗಿ ಮಾಲೀಕರು ನನಗೆ ಕಾರ್ಡು ಮಾಡಿಸಿಕೊಟ್ಟರು. ಅದರಲ್ಲಿ ಪ್ರಾಡಕ್ಟ್ ಡಿಸೈನರ್ ಎಂದಿತ್ತು. ಹೆಂಡತಿ ತಿರುವಿ ಮುರುವಿ ನೋಡಿದಳು. "ಇದೆಂತ, ಹೊಸ ರೋಗದ ಹೆಸರಾ?" ನಾನು ನಗಲಿಲ್ಲ. ಆ ಹೊತ್ತಿಗೆ ನನಗೆ ಆ ಕಾರ್ಡು ಬಹಳ ಮುಖ್ಯವಾಗಿತ್ತು. ಮೀಟಿಂಗುಗಳಲ್ಲಿ ಎಂಜಿನಿಯರುಗಳು, ಡಾಕ್ಟರುಗಳು ಕುಳಿತಿರುತ್ತಿದ್ದರು. ನೀವು ಎಲ್ಲಿ ಓದಿದ್ದು ಎಂದು ಯಾರಾದರೂ ಕೇಳಿಬಿಟ್ಟಾರೆಂದು ನಾನು ಮೊದಲೇ ಮಾತು ಬದಲಿಸುತ್ತಿದ್ದೆ. ಬೋರ್ಡು ಬರೆಯುವ ಬಣ್ಣದವನೆಂದು ತಿಳಿದುಬಿಟ್ಟಾರೆಂಬ ಹೆದರಿಕೆ. ಮುಂದೆ ನಡೆದದ್ದಕ್ಕೆ ಬೇರೆಲ್ಲ ಕಾರಣ ಹುಡುಕಿ ನೋಡಿದ್ದೇನೆ. ಕೊನೆಗೆ ಇಷ್ಟೇ ಸಿಗುತ್ತದೆ.

ಕರಾವಳಿಯ ಒಂದು ಆಸ್ಪತ್ರೆಯವರು ತಮ್ಮ ಡಯಾಲಿಸಿಸ್ ವಿಭಾಗಕ್ಕೆ ನಮ್ಮ ಕಂಪನಿಯಿಂದ ಕಂಪ್ಯೂಟರ್ ವ್ಯವಸ್ಥೆ ಮಾಡಿಸಿದರು. ಆಸ್ಪತ್ರೆಯ ಹೆಸರು ಬೇಡ. ಆರು ಹಾಸಿಗೆ, ಆರು ಯಂತ್ರ. ಕಿಡ್ನಿ ಕೆಲಸ ನಿಲ್ಲಿಸಿದವರ ಮೈಯಲ್ಲಿ ಕುಡಿದ ನೀರು ಹೊರಹೋಗದೆ ಉಳಿಯುತ್ತದೆ. ವಾರಕ್ಕೆ ಎರಡು ಮೂರು ಸಲ ಯಂತ್ರಕ್ಕೆ ಜೋಡಿಸಿ, ರಕ್ತ ಶುದ್ಧ ಮಾಡಿ, ಆ ನೀರನ್ನು ತೆಗೆಯಬೇಕು. ಎಷ್ಟು ತೆಗೆಯಬೇಕೆಂಬುದೇ ಪ್ರಶ್ನೆ. ಹೆಚ್ಚಿನ ನೀರಿಲ್ಲದಾಗ ಆ ಮನುಷ್ಯನ ತೂಕ ಎಷ್ಟೋ ಅದನ್ನು ಡ್ರೈ ವೇಟ್ ಎನ್ನುತ್ತಾರೆ. ಇವತ್ತಿನ ತೂಕದಲ್ಲಿ ಅದನ್ನು ಕಳೆದರೆ ಉಳಿದದ್ದು ನೀರು. ನೋಡಲು ಒಂದನೇ ಕ್ಲಾಸಿನ ಕಳೆಯುವ ಲೆಕ್ಕ.

ಆ ವಿಭಾಗ ನಡೆಸುತ್ತಿದ್ದವರು ಅಂಕೋಲೆ ತಾಲೂಕಿನ ಹಿಲ್ಲೂರಿನ ಕಡೆಯ ಒಬ್ಬ ಸಿಸ್ಟರ್. ಕೂಲಿ ಮಾಡುವವರ ಮನೆಯಿಂದ ಬಂದು ನರ್ಸಿಂಗ್ ಕಲಿತವರು. ಆಗ ನಲವತ್ತರ ಆಸುಪಾಸು. ಪ್ರತಿ ಹಾಸಿಗೆಯ ತಲೆಯ ಬಳಿ ಅವರು ಮಕ್ಕಳ ಸ್ಲೇಟು ತೂಗುಹಾಕಿದ್ದರು. ಅದರಲ್ಲಿ ರೋಗಿಯ ಹೆಸರು, ಕೆಳಗೆ ಡ್ರೈ ವೇಟ್. ನಾನು ಮೊದಲ ದಿನ ಗಮನಿಸಿದ್ದೇ ಇದನ್ನು. ರೋಗಿ ಬಂದು ತೂಕ ನೋಡಿಕೊಂಡು ಮಲಗಿದ ಮೇಲೆ ಸಿಸ್ಟರ್ ಒದ್ದೆ ಬಟ್ಟೆಯಿಂದ ಸ್ಲೇಟನ್ನು ಪೂರ್ತಿ ಒರೆಸುತ್ತಿದ್ದರು. ಒರೆಸಿ, ಅದೇ ಹೆಸರು, ಅದೇ ಸಂಖ್ಯೆ ಮತ್ತೆ ಬರೆಯುತ್ತಿದ್ದರು.

"ಅದೇ ನಂಬರಲ್ವಾ ಸಿಸ್ಟರ್? ಎಂತಕೆ ಒರೆಸಿ ಮತ್ತೆ ಬರೆಯೂದು?" ಎಂದು ಕೇಳಿದೆ.

"ಬರೀವಾಗ ಒಂದ್ಸಲ ಅವ್ರ ಮುಖ ನೋಡ್ತೆ ಅಣ್ಣಾ. ನಂಬರು ಹೌದೋ ಅಲ್ವೋ ಅಂತ ಕೈ ತಾನೇ ನಿಲ್ತದೆ." ಎಡಪಕ್ಕದ ಹಾಸಿಗೆಯತ್ತ ಗದ್ದ ಎತ್ತಿ ತೋರಿಸಿದರು. "ಇವ್ರನ್ನೇ ನೋಡಿ. ಆಷಾಢ ಬಂದದ್ದೇ ಕಾಗದದಂಗೆ ಆಗಿದ್ರು. ಒಣಮೀನು ತಿನ್ನಬೇಡಿ ಅಂದ್ರೆ ಕೇಳ್ತ್ರಾ? ಉಪ್ಪು ತಿಂದು ನೀರು ಕುಡೀತ್ರು. ಮೈಯಲ್ಲಿ ಮಾಂಸ ಇಲ್ಲ, ಬರೇ ನೀರು. ಇನ್ನು ದೋಣಿ ಇಳೀಲಿ, ಎರಡು ವಾರಕ್ಕೆ ಗಲ್ಲ ತುಂಬ್ತದೆ. ಆಗ ಡಾಕ್ಟ್ರಿಗೆ ಫೋನ್ ಮಾಡಿ ನಂಬರು ಏರಿಸಬೇಕು. ಇಲ್ದೇ ಇದ್ರೆ ಮಿಶನ್ನಿಗೆ ಎಂತ ಗೊತ್ತು? ಮಾಂಸನೂ ನೀರು ಅಂತ ಎಳೀತದೆ."

ಹಾಸಿಗೆಯಲ್ಲಿದ್ದವರು ಅಂಕೋಲೆಯಲ್ಲಿ ಮೀನು ಮಾರುವ ಹೆಂಗಸು, ಅರವತ್ತು ದಾಟಿದವರು. ಮಲಗಿದಲ್ಲೇ ತಕರಾರು ತೆಗೆದರು. "ಒಣಮೀನು ಬಿಟ್ಟು ಬದ್ಕೂದಾದ್ರೆ ಈ ಸೂಜಿ ಎಂತಕೆ ಚುಚ್ಚಿಸ್ಕಣುದು ಸಿಸ್ಟರ್ ಬಾಯೇ? ಹಂಗೇ ಕಡ್ಲಿಗೆ ಎಸೀರಿ." ಆಮೇಲೆ ನನ್ನನ್ನು ಕರೆದರು. "ಬಾ ತಮಾ, ಇಲ್ಲಿ ಮುಟ್ಟು." ಅವರ ಎಡತೋಳಿನಲ್ಲಿ, ಡಯಾಲಿಸಿಸ್‌ಗೆಂದು ಡಾಕ್ಟರುಗಳು ಎರಡು ರಕ್ತನಾಳ ಕೂಡಿಸಿದ ಜಾಗ ಉಬ್ಬಿಕೊಂಡಿತ್ತು. ಬೆರಳಿಟ್ಟೆ. ಒಳಗೆ ಗುಂಯ್ ಎಂದು ನಡುಗುತ್ತಿತ್ತು. "ಒಳಗೆ ದುಂಬಿ ಸಾಕಿದ್ದೆ ನಾನು" ಎಂದು ನಕ್ಕರು. "ಇದು ಹಾಡ್ತಾ ಇರೂ ತನ್ಕ ನಂಗೆ ಎಂತದೂ ಆಗೂದಿಲ್ಲ."

ಇದೆಲ್ಲವನ್ನೂ ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಎಡಪುಟದಲ್ಲಿ ಸ್ಲೇಟು ಒರೆಸುವ ಕೈಯ ಚಿತ್ರ ತೆಗೆದೆ, ಬಲಪುಟದಲ್ಲಿ ಅವರ ಮಾತು. ಆಪರೇಟರ್ ಕೋಣೆಯ ಕೆಂಪು ಚಿಂದಿಯ ಹಾಗೆಯೇ ಇದು ಎಂದು ನನಗೆ ಆಗ ಹೊಳೆಯಿತೇ? ಹೊಳೆಯಿತು. ಅದೂ ನೆನಪಿದೆ.

ಆದರೆ ಆಸ್ಪತ್ರೆಯ ಆಡಳಿತದವರ ಮುಂದೆ ಪರದೆ ತೋರಿಸುವ ದಿನ ಹತ್ತಿರ ಬಂತು. ಮಾಲೀಕರಿಗೆ ಒಂದೇ ಹಟ: ಸಿಸ್ಟರುಗಳು ಪರದೆಯನ್ನು ಆದಷ್ಟು ಕಡಿಮೆ ಸಲ ಒತ್ತುವಂತಾಗಬೇಕು. ನನ್ನ ಮೊದಲ ಕರಡಿನಲ್ಲಿ ಒಬ್ಬ ರೋಗಿಗೆ ಹನ್ನೊಂದು ಸಲ ಒತ್ತಬೇಕಿತ್ತು. ನಾನು ಒಂದೊಂದೇ ಕಡಿಯುತ್ತ ಹೋದೆ. ಡ್ರೈ ವೇಟ್ ಬರೆಯುವ ಚೌಕದ ಸಂಖ್ಯೆ ವಾರಗಟ್ಟಲೆ ಬದಲಾಗುವುದಿಲ್ಲ, ಅದನ್ನು ಪ್ರತಿ ಸಲ ತುಂಬಿಸುವುದೇಕೆ? ಕಳೆದ ಸಲದ್ದನ್ನೇ ಕಂಪ್ಯೂಟರ್ ತಾನೇ ತೆಗೆದುಕೊಳ್ಳಲಿ ಎಂದು ಆ ಚೌಕವನ್ನು ಎರಡನೆಯ ಪರದೆಗೆ ಸರಿಸಿದೆ. ಈಗ ಮೊದಲ ಪರದೆಯಲ್ಲಿ ಇವತ್ತಿನ ತೂಕ ಬರೆದರೆ ಎಷ್ಟು ನೀರು ತೆಗೆಯಬೇಕೆಂದು ತಾನೇ ಬರುತ್ತಿತ್ತು. ಕೆಳಗೆ ಹಸಿರು ಬಣ್ಣದ ಒಪ್ಪಿಗೆಯ ಗುಂಡಿ. ನಾಲ್ಕೇ ಒತ್ತು.

ಸಿಸ್ಟರ್ ಅದನ್ನು ಎರಡು ದಿನ ಬಳಸಿ ನೋಡಿದರು. ನಾನು ಹೊರಡುವಾಗ ಬಾಗಿಲ ತನಕ ಬಂದರು.

"ಅಣ್ಣಾ, ಆ ಚೌಕ ಮುಂದೇ ಇರ್ಲಿ. ದಿನಕ್ಕೆ ಹನ್ನೆರಡು ಜನರಿಗೆ ಸೂಜಿ ಹಾಕುದು ನಾವು ಇಬ್ರೇ. ಹಿಂದಿನ ಪರದೆ ತೆಗೆದು ನೋಡೂಕೆ ಯಾರಿಗೆ ಪುರುಸೊತ್ತು?"

"ನೋಡುವ ಸಿಸ್ಟರ್" ಎಂದೆ.

"ನೋಡುವ ಅಲ್ಲ. ಇಡಿ. ಇಲ್ಲಾ ಅಂದ್ರೆ ನನ್ನ ಸ್ಲೇಟು ತೆಗೀಬೇಡಿ."

ಅದನ್ನೂ ಬಸ್ಸಿನಲ್ಲಿ ಬರೆದುಕೊಂಡೆ. ಆದರೆ ಚೌಕವನ್ನು ಮುಂದೆ ತರಲಿಲ್ಲ. ಆಡಳಿತದವರ ಮುಂದೆ ನಾಲ್ಕು ಒತ್ತಿನಲ್ಲಿ ಕೆಲಸ ಮುಗಿಸಿ ತೋರಿಸಿದಾಗ ಒಬ್ಬ ಡಾಕ್ಟರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಣ್ಣದವನಿಗೆ ಡಾಕ್ಟರ ಚಪ್ಪಾಳೆ. ಮುಂದಿನ ವಾರ ಸ್ಲೇಟುಗಳನ್ನು ಇಳಿಸಲಾಯಿತು. ಇಳಿಸಿ ಎಂದು ಹೇಳಿದವನೂ ನಾನೇ. ಎರಡು ಕಡೆ ಎರಡು ಸಂಖ್ಯೆ ಇದ್ದರೆ ಗೊಂದಲವಾಗುತ್ತದೆ ಎಂದು ಕಾರಣ ಕೊಟ್ಟೆ.

ಇನ್ನೊಂದು ಕೆಲಸವನ್ನೂ ಮಾಡಿದ್ದೆ. ಹೇಳದೆ ಇದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಆಸ್ಪತ್ರೆಯವರಿಗೆ ಪ್ರತಿಯೊಂದಕ್ಕೂ ದಾಖಲೆ ಬೇಕಿತ್ತು. ಹಸಿರು ಗುಂಡಿ ಒತ್ತಿದೊಡನೆ ಸಮಯದೊಂದಿಗೆ, ಒತ್ತಿದವರ ಹೆಸರಿನೊಂದಿಗೆ ಒಂದು ಸಾಲು ಬರೆದುಕೊಳ್ಳುವಂತೆ ಮಾಡಬೇಕಿತ್ತು. ಆ ಸಾಲಿನ ಮಾತುಗಳನ್ನು ನಾನೇ ಆರಿಸಿದೆ. 'ಡ್ರೈ ವೇಟ್ ಪರಿಶೀಲಿಸಲಾಗಿದೆ.' ಎರಡನೆಯ ಪರದೆಯನ್ನು ಯಾರು ತೆಗೆಯಲಿ, ಬಿಡಲಿ, ಸಾಲು ಬೀಳುತ್ತಿತ್ತು. ನೋಡದೆ ಇದ್ದದ್ದನ್ನು ನೋಡಿದ್ದೇನೆಂದು ಸಿಸ್ಟರ್ ಹೆಸರಿನಲ್ಲಿ ದಿನಕ್ಕೆ ಎಷ್ಟೋ ಸಲ ನಾನು ಬರೆಸುತ್ತಿದ್ದೆ.

ನಮ್ಮ ವ್ಯವಸ್ಥೆ ಶುರುವಾದದ್ದು ಮಳೆಗಾಲದ ನಡುವೆ. ದೋಣಿ ಇಳಿದು ಮೂರನೆಯ ವಾರ, ಒಂದು ಬೆಳಿಗ್ಗೆ, ಮೀನು ಮಾರುವ ಆ ಹೆಂಗಸು ಬಂದರು. ಗಲ್ಲ ತುಂಬಿತ್ತಂತೆ. ಅದೇ ಹೊತ್ತಿಗೆ ಪಕ್ಕದ ಹಾಸಿಗೆಯವರಿಗೆ ವಾಂತಿ ಶುರುವಾಗಿತ್ತು. ಸಿಸ್ಟರ್ ತೂಕ ಬರೆದು, ಹಸಿರು ಗುಂಡಿ ಒತ್ತಿ, ಆ ಕಡೆ ಓಡಿದರು. ಒಳಗಿದ್ದುದು ಆಷಾಢದ ಡ್ರೈ ವೇಟ್. ಮೈಗೆ ಬಂದ ಎರಡು ಕಿಲೊ ಮಾಂಸವನ್ನು ಯಂತ್ರ ನೀರೆಂದು ತಿಳಿದು ಎಳೆಯಿತು; ಹಿಂದಿನ ಸಲಗಳಲ್ಲಿ ತುಸು ತುಸು ಹೆಚ್ಚು ಎಳೆದದ್ದನ್ನು ತಡೆದುಕೊಂಡಿದ್ದ ಮೈ ಆ ದಿನ ತಡೆಯಲಿಲ್ಲ. ಮೂರು ತಾಸಿನ ಹೊತ್ತಿಗೆ ಹೆಂಗಸಿನ ಬಿಪಿ ಕುಸಿದು ಎಚ್ಚರ ತಪ್ಪಿತು. ಸಿಸ್ಟರೇ ಓಡಿ ಬಂದು ಯಂತ್ರ ನಿಲ್ಲಿಸಿ, ಸಲೈನ್ ಕೊಟ್ಟು ಉಳಿಸಿದರು. ಜೀವ ಉಳಿಯಿತು. ಆದರೆ ರಕ್ತದ ಒತ್ತಡ ಇಳಿದಾಗ ತೋಳಿನ ಆ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಗುಂಯ್ ಎನ್ನುವುದು ನಿಂತಿತು. ಆಮೇಲೆ ಕುತ್ತಿಗೆಗೆ ನಳಿಕೆ ಹಾಕಿದರು, ಅದಕ್ಕೆ ನಂಜಾಯಿತು, ಮತ್ತೆ ಹಾಕಿದರು, ಮತ್ತೆ ಜ್ವರ. ಮುಂದಿನ ಮಳೆಗಾಲವನ್ನು ಅವರು ಕಾಣಲಿಲ್ಲ.

ವಿಚಾರಣೆ ನಡೆದದ್ದು ಅವರಿನ್ನೂ ಬದುಕಿದ್ದಾಗಲೇ. ಕಾರಿನಲ್ಲಿ ಹೋಗುವಾಗ ಮಾಲೀಕರು, "ಕೇಳಿದ್ದಕ್ಕಷ್ಟೇ ಉತ್ತರ ಕೊಡಿ" ಎಂದಿದ್ದರು. ಉದ್ದ ಮೇಜು, ಆ ಕಡೆ ಮೂವರು. ಕಂಪ್ಯೂಟರಿನ ದಾಖಲೆಯನ್ನು ಅಚ್ಚು ಮಾಡಿ ಇಟ್ಟುಕೊಂಡಿದ್ದರು. 'ಪರಿಶೀಲಿಸಲಾಗಿದೆ' ಎಂಬಲ್ಲಿ ಹಳದಿ ಬಣ್ಣ ಬಳಿದಿತ್ತು. ಸಿಸ್ಟರ್ ಹೇಳಿದರು: "ಆ ಚೌಕ ಮುಂದೆ ಬೇಕು ಅಂತ ನಾನು ಇವ್ರ ಹತ್ರ ಎರಡು ಸಲ ಹೇಳಿದ್ದೆ." ಮೂವರೂ ನನ್ನ ಕಡೆ ತಿರುಗಿದರು.

"ಹಾಗೆ ಹೇಳಿದ್ದು ನೆನಪಿಲ್ಲ" ಎಂದೆ.

ನೋಟುಬುಕ್ಕು ನನ್ನ ಕಾಲ ಸಂದಿಯ ಚೀಲದಲ್ಲೇ ಇತ್ತು.

"ನೆನಪಿಲ್ವಾ ಅಣ್ಣಾ?" ಎಂದು ಸಿಸ್ಟರ್ ಕೇಳಿದರು. ಸಿಟ್ಟಿರಲಿಲ್ಲ, ನನಗೆ ಹುಷಾರಿಲ್ಲವೇನೋ ಎಂಬಂತೆ ಕೇಳಿದರು. ನಾನು ಮೇಜಿನ ಮೇಲಿನ ನೀರಿನ ಲೋಟ ನೋಡುತ್ತಿದ್ದೆ. "ಸರಿ" ಎಂದು ಅವರು ಸೆರಗು ಸರಿಮಾಡಿಕೊಂಡರು.

ಅವರನ್ನು ಡಯಾಲಿಸಿಸ್ ವಿಭಾಗದಿಂದ ತೆಗೆದು ಬಟ್ಟೆಬರೆಯ ಕೋಣೆಗೆ ಹಾಕಿದರು. ನಿರ್ಲಕ್ಷ್ಯ ಎಂದು ದಾಖಲೆಯಲ್ಲಿ ಬರೆದರು. ಆರು ತಿಂಗಳಲ್ಲಿ ಕೆಲಸ ಬಿಟ್ಟು ಹಿಲ್ಲೂರಿಗೆ ಹೋದರೆಂದು ಕೇಳಿದೆ. ನಾನು ಇನ್ನೂ ನಾಲ್ಕು ವರ್ಷ ಕೆಲಸ ಮಾಡಿದೆ. ಒಂದು ಬದಲಾವಣೆಯೆಂದರೆ, ಆಮೇಲೆ ಯಾರ ಪಕ್ಕದಲ್ಲೂ ಸ್ಟೂಲು ಹಾಕಿ ಕೂರಲು ಆಗಲಿಲ್ಲ. ಕೂತ ಹತ್ತು ನಿಮಿಷಕ್ಕೆ ಎದ್ದು ಹೊರಗೆ ಹೋಗುತ್ತಿದ್ದೆ. ಕೈಗಳನ್ನು ನೋಡಲು ಆಗುತ್ತಿರಲಿಲ್ಲ.

ಹೀಗೇ ಕಾಲ ಹಾಕಿಬಿಡುತ್ತಿದ್ದೆನೋ ಏನೋ. ಕಳೆದ ವರ್ಷ ಬೇಸಿಗೆಯಲ್ಲಿ ನೆಂಟರ ಮನೆಯ ಕೆಲಸಕ್ಕೆ ಅಂಕೋಲೆಗೆ ಹೋಗಿದ್ದೆ. ಮೀನು ಕೊಳ್ಳಲು ಮಾರುಕಟ್ಟೆಗೆ ಹೋದಾಗ, ಹಲಗೆಯ ಮೇಲೆ ಇಸ್ವಾಣ ಮೀನು ಕೊಯ್ಯುತ್ತಿದ್ದ ಹೆಂಗಸಿನ ಮುಖ ನೋಡಿ ಕಾಲು ನಿಂತಿತು. ತಾಯಿಯದೇ ಮುಖ, ಅದೇ ದನಿ. ಮಗಳು ತಾಯಿಯ ಜಾಗದಲ್ಲಿ ಕೂತಿದ್ದಳು. ಅವಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಅಷ್ಟರಲ್ಲಿ ರಸ್ತೆಯ ಆಚೆ ಬದಿ ಕೈಚೀಲ ಹಿಡಿದ ಒಬ್ಬ ಹೆಂಗಸು ಬಂದರು. ಕೂದಲು ಬೆಳ್ಳಗಾಗಿತ್ತು, ಆದರೂ ನಡಿಗೆಯಿಂದ ಗುರುತು ಸಿಕ್ಕಿತು. ಸಿಸ್ಟರ್. ಮಾರುಕಟ್ಟೆಯ ಬಾಗಿಲು ಬರುವ ಮೊದಲೇ ಅವರು ತಲೆ ತಗ್ಗಿಸಿ ಪಕ್ಕದ ಓಣಿಗೆ ತಿರುಗಿದರು.

"ಹೋದ್ಲು ನೋಡು" ಎಂದಳು ಮಗಳು, ಕತ್ತಿಯಿಂದ ತೋರಿಸುತ್ತ, ಇಡೀ ಸಾಲಿಗೆ ಕೇಳುವಂತೆ. "ನಮ್ಮ ಅವ್ವಿ ಕೈ ತಿಂದವ್ಳು. ಈ ದಾರಿಲಿ ಬರೂಕೆ ಮುಖ ಅದೆಯೇ ಅವ್ಳಿಗೆ?"

ಮೀನು ತೆಗೆದುಕೊಳ್ಳದೆ ಬಂದೆ.

ಹಿಲ್ಲೂರಿಗೆ ಎರಡು ಸಲ ಹೊರಟು ಅಂಕೋಲೆಯ ಬಸ್ ನಿಲ್ದಾಣದಿಂದಲೇ ವಾಪಸಾದೆ. ಎರಡನೆಯ ಸಲ ಬಸ್ಸು ಹತ್ತಿ ಕುಳಿತಿದ್ದೆ, ಬಿಡುವಾಗ ಇಳಿದೆ. "ಅಜ್ಜಾ, ಹತ್ತೂದೋ ಇಳಿಯೂದೋ ಒಂದು ಗಟ್ಟಿ ಮಾಡ್ಕಣಿ, ನಂಗೂ ಸಂಸಾರ ಅದೆ" ಎಂದು ಕಂಡಕ್ಟರ್ ಬೈದ. ಮೂರನೆಯ ಸಲ ಹೋದೆ. ಮನೆಯ ಅಂಗಳದಲ್ಲಿ ಚಾಪೆ ಹಾಸಿ ಸಿಸ್ಟರ್ ಮುರುಗಲ ಹಣ್ಣಿನ ಸಿಪ್ಪೆಯನ್ನು ಒಣಗಲು ಹರವುತ್ತಿದ್ದರು. ಅಂಗೈ ಪೂರ್ತಿ ಕೆಂಪು. ತಲೆ ಎತ್ತಿ ನೋಡಿದವರು ಗುರುತು ಹಿಡಿಯಲು ತಡಮಾಡಲಿಲ್ಲ.

"ಓ, ಕಂಪ್ಯೂಟರ್ ಅಣ್ಣ. ಮುದುಕ್ರಾದ್ರಿ." ಒಂದು ಸ್ಟೂಲು ತಂದಿಟ್ಟರು. "ಕೂತ್ಕಣಿ. ಆಸ್ರಿಗೆ ತತ್ತೆ."

ನಾನು ಕೂರಲಿಲ್ಲ. ಬೆಲ್ಲ ಹಾಕಿದ ಮುರುಗಲ ಪಾನಕ ತಂದರು, ಅದನ್ನು ಕೈಯಲ್ಲಿ ಹಿಡಿದು ನಿಂತೇ ಎಲ್ಲ ಹೇಳಿದೆ. ನೆನಪಿತ್ತು, ಬರೆದುಕೊಂಡಿದ್ದೆ, ಚೀಲದಲ್ಲೇ ಇತ್ತು ಎಂದೆ. ಆ ಪುಟ ತೆಗೆದು ಚಾಚಿದೆ. ಅವರು ಅದನ್ನು ಮುಟ್ಟಲಿಲ್ಲ. ಸಿಪ್ಪೆ ಹರವುವುದನ್ನೂ ನಿಲ್ಲಿಸಲಿಲ್ಲ.

"ಇದು ನಂಗೆ ಎಂತಕೆ? ನಾನು ಹೇಳಿದ್ದು ನಂಗೆ ಗೊತ್ತಿಲ್ವಾ?"

"ಕ್ಷಮೆ ಕೇಳಲು..."

"ಹೌದು, ಅದು ಕಂಡ್ತು." ಒಂದು ಹಿಡಿ ಸಿಪ್ಪೆ ಕೆಳಗಿಟ್ಟರು. "ಮೊದಲ ವರ್ಷ ನೀವು ಬತ್ರಿ ಅಂದ್ಕಂಡಿದ್ದೆ. ಬಸ್ಸಿನ ಸದ್ದಾದ್ರೆ ಬಾಗಿಲಿಗೆ ಬರ್ತಿದ್ದೆ. ನಮ್ಮಮ್ಮ ಬೈಯೂದು, ಯಾರು ಬತ್ರು ಅಂತ ಕಾಯ್ತೆ ನೀನು ಅಂತ. ಎರಡನೇ ವರ್ಷಕ್ಕೆ ಬಿಟ್ಟೆ. ಈಗ ಬಂದು ಗೊತ್ತಿದ್ದವಳ ಹತ್ರ ಹೇಳ್ತ್ರಿ. ಗೊತ್ತಿಲ್ದೇ ಇದ್ದವ್ರು ಪೇಟೆ ತುಂಬ ಅದ್ರು. ಅವ್ರ ಹತ್ರ ಹೇಳಿ. ನಾನು ಹನ್ನೊಂದು ವರ್ಷದಿಂದ ಮೀನು ಬೇಕಂದ್ರೆ ಕುಮಟೆಗೆ ಹೋಗ್ತೆ, ಅಣ್ಣಾ."

ಪಾನಕ ಕುಡಿದು ಹೋಗಿ ಎಂದರು. ಕುಡಿದೆ. ಹುಳಿಯಿತ್ತೋ ಸಿಹಿಯಿತ್ತೋ ತಿಳಿಯಲಿಲ್ಲ.

ಆಸ್ಪತ್ರೆಗೆ ಪತ್ರ ಬರೆದೆ. ನಡೆದದ್ದನ್ನು ನಡೆದ ಹಾಗೆ, ಆ ಪುಟದ ಪ್ರತಿಯನ್ನು ಜೊತೆಗಿಟ್ಟು ಬರೆದೆ. ದಾಖಲೆಯಲ್ಲಿ ಆಕೆಯ ಹೆಸರಿನ ಮುಂದಿರುವುದನ್ನು ತೆಗೆಯಿರಿ, ಇನ್ನೂ ಅದೇ ಪರದೆಯನ್ನು ಬಳಸುತ್ತಿದ್ದರೆ ಚೌಕವನ್ನು ಮುಂದೆ ತನ್ನಿ ಎಂದು ಕೇಳಿಕೊಂಡೆ. ಪತ್ರ ತಲುಪಿದೆ, ಪರಿಶೀಲಿಸಲಾಗುವುದು ಎಂದು ಉತ್ತರ ಬಂದಿದೆ. ಆ ಮಾತನ್ನು ಓದಿ ನನಗೆ ನಗು ಬಂತು. ಅಂಥ ನಗು ಯಾರಿಗೂ ಬರದಿರಲಿ.

ಅಂಕೋಲೆಯ ಮಾರುಕಟ್ಟೆಗೆ ಹೋಗಲು ಮಾತ್ರ ಮತ್ತೆ ಹದಿನೈದು ದಿನ ಬೇಕಾಯಿತು. ಪತ್ರ ಬರೆಯುವುದು ಸುಲಭ. ಮೀನಿನ ನೀರಿನಲ್ಲಿ ನಿಂತು, ತಾಯಿಯನ್ನು ಕಳೆದುಕೊಂಡವಳ ಮುಖ ನೋಡಿ ಹೇಳುವುದು ಬೇರೆ. ಹತ್ತು ಗಂಟೆಯ ಹೊತ್ತು, ಗಿರಾಕಿಗಳು ತುಂಬಿದ್ದರು. ಮಗಳು ಒಬ್ಬರಿಗೆ ಬಂಗಡೆ ಕೊಯ್ದುಕೊಡುತ್ತಿದ್ದಳು.

"ನಿಂಗೆ ಎಂತ ಬೇಕು ಅಜ್ಜಾ?"

"ಮೀನು ಬೇಡ. ನಿನ್ನ ತಾಯಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಆಸ್ಪತ್ರೆಗೆ ಆ ಕಂಪ್ಯೂಟರ್ ಮಾಡಿಕೊಟ್ಟವ ನಾನು."

ಹೇಳಿದೆ. ನಡುನಡುವೆ ಗಿರಾಕಿಗಳು ಬೆಲೆ ಕೇಳುತ್ತಿದ್ದರು, ಅವಳು ಉತ್ತರ ಕೊಡುತ್ತಲೇ ಇದ್ದಳು, ಕತ್ತಿ ಆಡುತ್ತಲೇ ಇತ್ತು. ಕೇಳುತ್ತಿದ್ದಾಳೋ ಇಲ್ಲವೋ ತಿಳಿಯದೆ ನಾನು ಎರಡೆರಡು ಸಲ ಹೇಳಿದೆ. ಕೊನೆಯ ಮೀನು ಕಟ್ಟಿಕೊಟ್ಟು ಅವಳು ಕತ್ತಿಯನ್ನು ಹಲಗೆಯ ಮೇಲೆ ಇಟ್ಟಳು.

"ಹಂಗಾರೆ ಆ ಸಿಸ್ಟರ್ ನಿಮ್ಮ ಹತ್ರ ಮೊದಲೇ ಹೇಳಿದ್ಲು."

"ಎರಡು ಸಲ ಹೇಳಿದ್ದರು."

"ನೀವು ಇಲ್ಲ ಅಂದ್ರಿ."

"ನೆನಪಿಲ್ಲ ಅಂದೆ."

"ಅದೇ ಆಯ್ತಲ್ಲ." ಅವಳು ಎದ್ದು ನಿಂತಳು. ಬೈಯುತ್ತಾಳೆ, ಇಲ್ಲ ಹೊಡೆಯುತ್ತಾಳೆ ಎಂದುಕೊಂಡೆ. ಅದಾಗಿದ್ದರೆ ಚೆನ್ನಾಗಿತ್ತು. "ನಾ ಅವ್ಳಿಗೆ ಬೈದದ್ದು ಈ ಸಾಲಿನವ್ರೆಲ್ಲ ಕೇಳಿದ್ರು. ನಂಗೊಬ್ಳಿಗೆ ಕಿವಿಲಿ ಹೇಳಿ ಹೋಗೂಕೆ ಆಗೂದಿಲ್ಲ. ಇವ್ರೆಲ್ಲರ ಮುಂದೆ ಹೇಳಿ. ಗಟ್ಟಿ ಹೇಳಿ."

ನಾನು ಸಾಲಿನ ಕಡೆ ತಿರುಗಿ ನಿಂತೆ. ಮೊದಲ ಸಲ ಹೇಳಿದ್ದು ಆಚೆ ಬದಿಗೆ ಕೇಳಲಿಲ್ಲ, "ಎಂತ ಹೇಳ್ತ್ರು ಅವ್ರು?" ಎಂದು ಯಾರೋ ಕೂಗಿದರು. ಮತ್ತೆ ಹೇಳಿದೆ. ಸಿಸ್ಟರಿನ ತಪ್ಪಲ್ಲ, ನನ್ನ ತಪ್ಪು, ಅವರು ಬೇಡವೆಂದರೂ ಮಾಡಿದೆ, ಕೇಳಿದಾಗ ಸುಳ್ಳು ಹೇಳಿದೆ. ಸಾಲಿನಲ್ಲಿ ಇಪ್ಪತ್ತು ಹೆಂಗಸರಾದರೂ ಇದ್ದರು. ಮಂಜುಗಡ್ಡೆ ಒಡೆಯುತ್ತಿದ್ದ ಸದ್ದು ನಿಂತಿತು. ಎಲ್ಲರಿಗಿಂತ ಹಿರಿಯ ಒಬ್ಬಾಕೆ ಕುಳಿತಲ್ಲಿಂದಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಶಾಲಿಗೆ ಹೋದವ್ರಿಗೆ ಬಾಯಿ ಬಿಡೂಕೆ ಇಷ್ಟು ವರ್ಷ ಬೇಕಾಗ್ತದಾ? ನಾವು ಹೋಗ್ದೇ ಇದ್ದದ್ದೇ ಚಲೋ ಆಯ್ತು."

ಕೆಲವರು ನಕ್ಕರು. ಮಗಳು ನಗಲಿಲ್ಲ. ನಲ್ಲಿಯ ಕೆಳಗೆ ಕೈ ತೊಳೆದಳು, ಮೊಣಕೈಯ ತನಕ, ಸಾಬೂನು ಹಾಕಿ ಎರಡು ಸಲ.

"ಹಿಲ್ಲೂರಿಗೆ ಬಸ್ಸು ಎಷ್ಟೊತ್ತಿಗೆ?"

"ಹನ್ನೊಂದೂವರೆಗೆ ಒಂದು ಇದೆ. ನಾನೂ ಬಂದು ಮನೆ ತೋರಿಸಲೇ?"

"ನೀವು ಬರುದು ಬೇಡ. ಬಾಯಿದೆ, ಕೇಳ್ಕಂಡು ಹೋಗ್ತೆ."

ಬುಟ್ಟಿಯಿಂದ ಒಂದು ದೊಡ್ಡ ಇಸ್ವಾಣ ಎತ್ತಿ ಎಲೆಯಲ್ಲಿ ಸುತ್ತಿದಳು. ಎರಡು ಹೆಜ್ಜೆ ಹೋಗಿ ನಿಂತು, ತಿರುಗಿ ಬಂದು, ಅದನ್ನು ಬಿಚ್ಚಿ ವಾಪಸು ಬುಟ್ಟಿಗೆ ಹಾಕಿದಳು. "ಮೀನು ಹಿಡ್ಕಂಡು ಹೋದ್ರೆ ಬಾಯಿ ಮುಚ್ಚಿಸೂಕೆ ಬಂದಂಗೆ ಆಗ್ತದೆ" ಎಂದು ಪಕ್ಕದವಳಿಗೆ ಹೇಳಿ, ಹಲಗೆ ನೋಡಿಕೊಳ್ಳಲು ಒಪ್ಪಿಸಿ, ಬರಿಗೈಯಲ್ಲಿ ಹೋದಳು.

ನಾನು ಕಾರವಾರದ ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ನಿಲ್ದಾಣದ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ನಡೆದೆನೋ ಗೊತ್ತಿಲ್ಲ. ಬಾಗಿಲು ಹಾಕಿದ್ದರೆ? ಇಬ್ಬರೂ ಅಂಗಳದಲ್ಲಿ ನಿಂತು ಕೂಗಾಡಿದರೆ? ಆ ಸಿಟ್ಟನ್ನೂ ನಾನೇ ಹಚ್ಚಿದಂತಾಗಲಿಲ್ಲವೇ? ಮೂರು ಗಂಟೆಯ ಸುಮಾರಿಗೆ ವಾಪಸು ಬಸ್ಸು ಬಂತು. ಮಗಳು ಇಳಿದಳು. ಸೆರಗಿನ ತುದಿಯಲ್ಲಿ ಏನೋ ಗಂಟು ಕಟ್ಟಿಕೊಂಡಿದ್ದಳು, ಬಟ್ಟೆಗೆ ಮುರುಗಲ ಕೆಂಪು ಹತ್ತಿತ್ತು. ನನ್ನನ್ನು ನೋಡಿ ನಿಂತಳು.

"ಇನ್ನೂ ಇಲ್ಲೇ ಅದ್ರಾ?"

"ಏನಾ... ಏನು ಹೇಳಿದರು?"

"ಕೂತ್ಕಣೇ ಅಂದ್ರು. ಕೂತೆ. ಊಟ ಮಾಡು ಅಂದ್ರು. ಮಾಡಿದೆ." ಸೆರಗಿನ ಗಂಟನ್ನು ಬಿಗಿ ಮಾಡಿಕೊಂಡಳು. "ಉಳಿದದ್ದು ನಿಮ್ಗೆ ಹೇಳೂದಲ್ಲ."

ಅಷ್ಟು ಹೇಳಿ ಅವಳು ಮಾರುಕಟ್ಟೆಯ ಕಡೆ ಬಿರಬಿರನೆ ನಡೆದಳು. ಸಂಜೆಯ ಗಿರಾಕಿ ಬರುವ ಹೊತ್ತಾಗಿತ್ತು.